ಬೀಕನ್ ಸುಸ್ಥಿತಿಯಲ್ಲಿದೆ

ನಮ್ಮ ಬಂದರಿನಲ್ಲಿ ಕಟಿಂಗ್ ಶಾಪ್ ಎಲ್ಲಿದೆ ಎಂದು ಕೇಳಿದರೆ ಜನ ಒಂದು ಗಳಿಗೆ ಯೋಚಿಸುತ್ತಾರೆ. ಕ್ಯಾಪ್ಟನಮ್ಮನ ಗಂಡ ಎಲ್ಲಿ ಸಿಗುತ್ತಾನೆ ಎಂದು ಕೇಳಿ ನೋಡಿ, ಮಾತು ಮುಗಿಯುವ ಮುಂಚೆ ಕೈ ತೋರಿಸುತ್ತಾರೆ. ಇಡೀ ಬಂದರಿನ ತಲೆಗಳು ನನ್ನ ಕೈಕೆಳಗೆ ಬಗ್ಗುತ್ತವೆ, ಆದರೂ ನನಗೊಂದು ಸ್ವಂತ ಹೆಸರು ದಕ್ಕಲಿಲ್ಲ. ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು. ಕತ್ತರಿ ಹಿಡಿದವನು ಸಿಟ್ಟು ಮಾಡಿಕೊಂಡರೆ ಗಿರಾಕಿಯ ಕಿವಿಗೆ ಕೇಡು, ಹಾಗಾಗಿ ನುಂಗಿಕೊಳ್ಳುವುದನ್ನು ಕಲಿತೆ.

ನನ್ನ ಹೆಂಡತಿ ಸರಕಿನ ದೋಣಿ ಓಡಿಸುತ್ತಾಳೆ. ದೂರದ ದ್ವೀಪಗಳಿಗೆ ದಿನಸಿ, ಗ್ಯಾಸ್ ಸಿಲಿಂಡರು, ಸಿಮೆಂಟು, ಔಷಧಿ, ಒಮ್ಮೊಮ್ಮೆ ಒಂದು ಮೇಕೆಯನ್ನೂ ತುಂಬಿಕೊಂಡು ಹೋಗುತ್ತಾಳೆ. ಹೋದರೆ ವಾರ, ಹತ್ತು ದಿನ. ಜೊತೆಗೆ ಇಂಜಿನ್ ನೋಡಿಕೊಳ್ಳಲು ಅವಳ ಸೋದರಮಾವ. ಆ ಮಾಮನಿಗೆ ಕಿವಿ ಕೇಳಿಸುವುದಿಲ್ಲ, ಇಂಜಿನ್ನಿನ ಸದ್ದು ಮಾತ್ರ ಕಾಲಡಿಯಲ್ಲಿ ತಿಳಿಯುತ್ತದೆ. ನಾನು ದೋಣಿ ಹತ್ತಿದರೆ ಹಗ್ಗ ಬಿಚ್ಚುವುದಕ್ಕೆ ಮೊದಲೇ ವಾಂತಿ ಮಾಡುವವನು. ಆದ್ದರಿಂದ ಅವಳು ಕಡಲಲ್ಲಿ, ನಾನು ಅಂಗಡಿಯಲ್ಲಿ.

"ಹೆಂಡ್ತಿ ದುಡಿಯೋಕೆ ಹೋದ್ಲು, ಗಂಡ ದಾರಿ ಕಾಯ್ತಾ ಕೂತ. ಕೈಯಲ್ಲಿ ಒಂದು ಕರವಸ್ತ್ರ ಇದ್ದಿದ್ರೆ ಚಿತ್ರ ಪೂರ್ತಿಯಾಗ್ತಿತ್ತು," ಎಂದು ಐಸ್ ಫ್ಯಾಕ್ಟರಿಯ ದಪ್ಪಣ್ಣ ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವನಿಗೆ ತಿಂದದ್ದು ಅರಗುವುದಿಲ್ಲ. ದಿನವೂ ಗಡ್ಡ ಹೆರೆಸಿಕೊಳ್ಳಲು ಬರುತ್ತಾನೆ. ಗಡ್ಡ ನೆಪ, ನನ್ನನ್ನು ಕೆಣಕುವುದೇ ಕೆಲಸ.

ಕೆಣಕಲಿ. ಅವನು ಹೇಳುವುದರಲ್ಲಿ ಸುಳ್ಳೇನಿದೆ? ಅವಳಿಲ್ಲದ ಮನೆ ನನಗೆ ಆಗುವುದಿಲ್ಲ. ಅಂಗಡಿಯ ಮೇಲೆ ನಮ್ಮದು ಎರಡು ಕೋಣೆ. ಅವಳು ಹೋದ ದಿನ ಅವಳ ಚಪ್ಪಲಿಯನ್ನು ನಾನು ಬಾಗಿಲಿನಿಂದ ಎತ್ತಿಡುವುದಿಲ್ಲ. ಒಂದೇ ತಟ್ಟೆಗೆ ಬಡಿಸಿಕೊಳ್ಳುವಾಗ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಗೊತ್ತಾಗುವುದಿಲ್ಲ. ಅವಳು ಬಂದ ದಿನ ಉಪ್ಪು ಕೂತು ಹಗ್ಗದಂತಾದ ಅವಳ ಕೂದಲನ್ನು ತೊಳೆದು, ಸಿಕ್ಕು ಬಿಡಿಸಿ, ತುದಿ ಕತ್ತರಿಸುತ್ತೇನೆ. ಹತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆ ಹಿಡಿಸುತ್ತೇನೆ. ಅವಳಿಗೂ ಅದು ಗೊತ್ತು, ಸುಮ್ಮನೆ ಕಣ್ಣು ಮುಚ್ಚಿ ಕೂತಿರುತ್ತಾಳೆ.

ನಾವಿಬ್ಬರೂ ಒಂದೇ ಗಲ್ಲಿಯಲ್ಲಿ ಆಡಿ ಬೆಳೆದವರು. ಅದಕ್ಕೇ ಅವಳು ನನ್ನನ್ನು 'ನೀನು' ಎನ್ನುತ್ತಾಳೆ, ಸಿಟ್ಟು ಬಂದರೆ 'ಲೋ' ಎಂದೂ ಅನ್ನುತ್ತಾಳೆ. ನಮ್ಮಕ್ಕನಿಗೆ ಇದು ಮೈಮೇಲೆ ಬೆಂಕಿ ಸುರಿದ ಹಾಗೆ. ನನಗೆ ಮಾತ್ರ ಹಾಗೆ ಕರೆಸಿಕೊಳ್ಳದೆ ಕಳೆದ ದಿನ ದಿನವೇ ಅಲ್ಲ.

ಒಂದು ಸಲ ದೋಣಿಯ ಇಂಜಿನ್ ಕೆಟ್ಟು ಅವಳು ಬರುವುದು ತಡವಾಯಿತು. ನಡುಸಮುದ್ರದಲ್ಲಿ ಫೋನು ಸಿಗುವುದಿಲ್ಲ. ವೈರ್‌ಲೆಸ್ ಇದೆ, ಅದು ಅಕ್ಕಪಕ್ಕದ ದೋಣಿಗಳಿಗಷ್ಟೇ ಕೇಳಿಸುವಂಥದ್ದು. ಆ ದಿನಗಳಲ್ಲಿ ನಾನು ಕತ್ತರಿಸಿದ ತಲೆಗಳನ್ನು ನೋಡಿ ಜನ ಬಂದರಿಗೆ ಏನೋ ರೋಗ ಬಂದಿದೆ ಎಂದುಕೊಂಡರು. ಅವಳು ಬಂದ ಮರುದಿನವೇ ನಾನು ಭಾವನ ಅಂಗಡಿಗೆ ಹೋದೆ. ಭಾವ ಅಂದರೆ ನಮ್ಮಕ್ಕನ ಗಂಡ. ಲೈಫ್ ಜಾಕೆಟ್ಟು, ತೆಪ್ಪ, ಆಪತ್ತಿನಲ್ಲಿ ಹಚ್ಚಿ ಗುರುತು ತೋರಿಸುವ ಹೊಗೆಬತ್ತಿ, ಹೀಗೆ ದೋಣಿಯವರ ಜೀವ ಉಳಿಸುವ ಸಾಮಾನನ್ನೆಲ್ಲ ಮಾರುವುದು, ರಿಪೇರಿ ಮಾಡುವುದು ಅವರ ಕಸುಬು. ಅವರು ಕಪಾಟಿನಿಂದ ಒಂದು ಹಳದಿ ಡಬ್ಬಿ ತೆಗೆದು ಮುಂದಿಟ್ಟರು. ನೀರಿನ ಬಾಟಲಿಯಷ್ಟು ದಪ್ಪ, ತಲೆಯ ಮೇಲೊಂದು ಕಡ್ಡಿ.

"ಇದು ಬೀಕನ್ನು," ಅಂದರು. "ಸೀಲ್ ಒಡೆದು ಈ ಸ್ವಿಚ್ ಎಳೆದ್ರೆ ಸ್ಯಾಟಲೈಟಿಗೆ ಕೂಗುತ್ತೆ. ದೋಣಿ ಎಲ್ಲಿದೆ, ಯಾರದ್ದು, ಎಲ್ಲ ರಕ್ಷಣಾ ಕೇಂದ್ರಕ್ಕೆ ಹೋಗುತ್ತೆ. ಎರಡು ದಿನ ಬಿಡದೆ ಕೂಗುತ್ತೆ. ದಡದಲ್ಲಿರೋರ ನಂಬರ್ ಅಂತ ನಿನ್ನದು ಬರೆಸ್ತೀನಿ. ಅಂಥದ್ದೇನಾದ್ರೂ ಆದ್ರೆ ಅವರು ಮೊದಲು ನಿನಗೇ ಫೋನ್ ಮಾಡಿ ಕೇಳ್ತಾರೆ."

"ಈ ಚಿಕ್ಕ ಬಟನ್ ಯಾಕೆ ಭಾವ?"

"ಅದು ಪರೀಕ್ಷೆಗೆ. ಉದ್ದಕ್ಕೆ ಒತ್ತಿ ಹಿಡಿದ್ರೆ ಸ್ಯಾಟಲೈಟ್ ಮುಟ್ಟಿ ಬಂದು ನಿನ್ನ ಫೋನಿಗೊಂದು ಮೆಸೇಜು ಬರುತ್ತೆ, ಡಬ್ಬಿ ಸರಿಯಾಗಿದೆ ಅಂತ. ವರ್ಷಕ್ಕೆ ಒಂದೆರಡು ಸಲ ಮಾಡಿದ್ರೆ ಸಾಕು."

ಅಷ್ಟು ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಒಂದೇ. ನಡುಸಮುದ್ರದಿಂದ ಅವಳು ಬಟನ್ ಒತ್ತಿದರೆ ನನ್ನ ಫೋನಿಗೆ ಮೆಸೇಜು ಬರುತ್ತದೆ.

ಅವಳು ಡಬ್ಬಿ ನೋಡಿ ನಕ್ಕಳು. ದೋಣಿಯ ಕೋಣೆಯಲ್ಲಿ, ಚುಕ್ಕಾಣಿಯ ಪಕ್ಕದ ಗೋಡೆಗೆ ಅದನ್ನು ಸಿಕ್ಕಿಸಿ, "ಮೂಲೇಲಿ ನಿಂತು ನನ್ನನ್ನೇ ನೋಡ್ತಿರುತ್ತೆ. ನಿಮ್ಮಮ್ಮನ ಹಾಗೆ," ಅಂದಳು. ಅವತ್ತಿನಿಂದ ಅದಕ್ಕೆ 'ಅತ್ತೆಮ್ಮ' ಎಂದೇ ಹೆಸರಾಯಿತು. ನಮ್ಮಮ್ಮ ಬದುಕಿದ್ದರೆ ಕೋಪ ಮಾಡಿಕೊಳ್ಳುತ್ತಿದ್ದಳು, ಒಳಗೊಳಗೆ ಹಿಗ್ಗುತ್ತಿದ್ದಳು.

"ಒಂದೇ ಒಂದು ಸಲ ಒತ್ತು. ಫೋನ್ ಸಿಗದ ಜಾಗಕ್ಕೆ ಹೋದ ಮೇಲೆ," ಎಂದು ಕೇಳಿಕೊಂಡೆ.

"ಮಗು ಕಣೋ ನೀನು," ಅಂದಳು.

ಅವಳು ಹೊರಟ ದಿನ ಸಂಜೆ ಅಂಗಡಿಯ ದೀಪ ಹಾಕುವ ಹೊತ್ತಿಗೆ ಫೋನು ಟಿಣ್ ಅಂದಿತು. 'ಪರೀಕ್ಷಾ ಸಂದೇಶ: ಬೀಕನ್ ಸುಸ್ಥಿತಿಯಲ್ಲಿದೆ.' ಅಷ್ಟೇ. ನಿನ್ನ ಹೆಂಡತಿ ಚೆನ್ನಾಗಿದ್ದಾಳೆ ಎಂದೇನೂ ಇರಲಿಲ್ಲ. ಡಬ್ಬಿ ತನ್ನ ಕ್ಷೇಮಸಮಾಚಾರವನ್ನು ತಾನು ಹೇಳಿಕೊಂಡಿತ್ತು, ಅಷ್ಟಕ್ಕೇ ನನಗೆ ಕಣ್ಣು ತುಂಬಿ ಬಂತು. ಯಾಕೆಂದರೆ ಬಟನ್ ತಾನಾಗಿ ಒತ್ತಿಕೊಳ್ಳುವುದಿಲ್ಲ. ಅವಳ ಹೆಬ್ಬೆರಳು ಅದರ ಮೇಲಿತ್ತು, ಆ ಹೊತ್ತಿನಲ್ಲಿ ಅವಳ ಮನಸ್ಸಿನಲ್ಲಿ ನಾನಿದ್ದೆ.

ಮರುದಿನವೂ ಬಂತು. ಅದರ ಮರುದಿನವೂ. ಮುಂದಿನ ಪ್ರಯಾಣದ ಹೊತ್ತಿಗೆ ನಮ್ಮದೊಂದು ಭಾಷೆಯೇ ಆಗಿಹೋಗಿತ್ತು. ಒಂದು ಮೆಸೇಜು ಬಂದರೆ ಎಲ್ಲ ಸರಿ. ಬೆನ್ನಿಗೇ ಇನ್ನೊಂದು ಬಂದರೆ ನಾಳೆ ಹೊರಡುತ್ತಿದ್ದೇನೆ. ಮೂರು ಬಂದರೆ ಏನು ಎಂದು ನಾವು ಮಾತಾಡಿಕೊಂಡಿರಲಿಲ್ಲ. ಒಂದು ಸಂಜೆ ಮೂರು ಬಂದವು. ಏನು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವತ್ತು ದಪ್ಪಣ್ಣನಿಗೆ ಗಡ್ಡದ ಜೊತೆ ತಲೆಗೂ ಎಣ್ಣೆ ತಟ್ಟಿ ಕಳಿಸಿದೆ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇಬ್ಬರೂ ಒಂದೇ ಮನೆಯಲ್ಲಿ ಉಂಡು ಮಲಗಿದರೆ ಆ ಮಾತು ಸರಿ. ಒಂದು ಸಲ ನಾವು ಜಗಳವಾಡಿದ ಬೆಳಿಗ್ಗೆಯೇ ಅವಳು ಹೊರಟುಹೋದಳು. ಸಂಜೆ ಮೆಸೇಜು ಬರಲಿಲ್ಲ, ಮರುದಿನವೂ ಇಲ್ಲ. ನಾನು ಅಂಗಡಿ ಮುಚ್ಚಿ, ದೋಣಿಗಳನ್ನು ಕಟ್ಟುವ ಧಕ್ಕೆಯ ತುದಿಯಲ್ಲಿ ಹೋಗಿ ನಿಂತೆ, ಅಲ್ಲಿ ನಿಂತರೆ ಮೆಸೇಜು ಬೇಗ ಬರುತ್ತದೋ ಎನ್ನುವ ಹಾಗೆ. ಮೂರನೆಯ ಸಂಜೆ ಒಂದು ಬಂತು. ಅದನ್ನು ಓದಿ ನಾನು ಖಾಲಿ ಧಕ್ಕೆಯ ಮೇಲೆ ನಿಂತು ಗಟ್ಟಿಯಾಗಿ, "ಆಯ್ತಮ್ಮ, ತಪ್ಪು ನನ್ನದೇ," ಅಂದೆ.

ಹೀಗೆ ಒಂದು ವರ್ಷಕ್ಕಿಂತ ಹೆಚ್ಚು ನಡೆಯಿತು. ಆಮೇಲೆ ದೋಣಿಯ ತಪಾಸಣೆ ಬಂತು. ಭಾವ ಎಲ್ಲರ ಬೀಕನ್ನುಗಳನ್ನೂ ಅಂಗಡಿಗೆ ತರಿಸಿಕೊಂಡು ನೋಡುತ್ತಿದ್ದರು. ಮಧ್ಯಾಹ್ನ ನನಗೆ ಫೋನು ಬಂತು. "ಇದ್ದ ಹಾಗೇ ಬಾ," ಅಂದರು. ದನಿ ಕೇಳಿಯೇ ಏನೋ ಗ್ರಹಚಾರ ಕಾದಿದೆ ಎಂದು ಗೊತ್ತಾಯಿತು.

ಅಂಗಡಿಯಲ್ಲಿ ಅತ್ತೆಮ್ಮನ ಹೊಟ್ಟೆ ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದರು. ಒಂದು ವೈರು ಕಂಪ್ಯೂಟರಿಗೆ ಹೋಗಿತ್ತು.

"ಇದೇನು ಅಂತ ತಿಳಿದಿದ್ದೀರಿ ಗಂಡ ಹೆಂಡ್ತಿ? ಪ್ರೇಮಪತ್ರದ ಡಬ್ಬನಾ?"

ನಾನು ಬಿಚ್ಚಿದ ಡಬ್ಬಿಯನ್ನು ಬಗ್ಗಿ ನೋಡಿದೆ.

"ಒಂದೊಂದು ಸಲ ಒತ್ತಿದಾಗಲೂ ಇದು ಸ್ಯಾಟಲೈಟಿನ ತನಕ ಕೂಗಬೇಕು. ಬ್ಯಾಟರಿ ತಿನ್ನಬೇಕು. ಇದನ್ನ ಚಾರ್ಜ್ ಮಾಡೋಕೆ ಬರಲ್ಲ ಕಣಯ್ಯ, ತಿಂದಿದ್ದು ತಿಂದಂಗೇ. ಎರಡು ದಿನ ಕೂಗಬೇಕಾಗಿದ್ದು ಈಗ ಎಳೆದಿದ್ರೆ ಒಂದು ಹೊತ್ತು ಕೂಗ್ತಿತ್ತೋ ಇಲ್ವೋ. ಆಮೇಲೆ ಅವಳು ನೀರಲ್ಲಿ, ಇದು ಮೂಕ. ಎಲ್ಲಿ ಅಂತ ಹುಡುಕೋದು ಅವಳನ್ನ?"

ಲೈಫ್ ಜಾಕೆಟ್ಟಿನ ರಾಶಿಯ ಮೇಲೆ ಕೂತುಬಿಟ್ಟೆ. ಸಂಜೆ ಸಂಜೆ ನಾನು ಹಿಗ್ಗಿ ಓದಿದ ಒಂದೊಂದು ಮೆಸೇಜೂ ಅವಳ ಆಯುಸ್ಸಿನಿಂದ ಚೂರು ಚೂರು ಕತ್ತರಿಸಿಕೊಂಡು ಬಂದದ್ದು. ಅತಿಯಾದರೆ ಅಮೃತವೂ ವಿಷ ಎಂದು ಅಮ್ಮ ಹೇಳುತ್ತಿದ್ದಳು, ಊಟದ ವಿಷಯಕ್ಕೆ ಹೇಳುತ್ತಿದ್ದಾಳೆ ಎಂದುಕೊಂಡಿದ್ದೆ.

"ನಿನ್ನ ಫೋನಿಗೆ ಬಂದಿರೋದು ತೋರಿಸು," ಅಂದರು ಭಾವ. ತೋರಿಸಿದೆ. ಅವರು ಕಂಪ್ಯೂಟರನ್ನೂ ಫೋನನ್ನೂ ಮತ್ತೆ ಮತ್ತೆ ನೋಡಿದರು. "ಇಲ್ಲಿ ಒತ್ತಿರೋ ಲೆಕ್ಕ ಇದರ ಮೂರರಷ್ಟಿದೆ. ಮಿಕ್ಕಿದ್ದೆಲ್ಲ ಯಾರಿಗೆ ಹೋಯ್ತು?"

ಯಾರಿಗೂ ಹೋಗಿರಲಿಕ್ಕಿಲ್ಲ, ಮಷೀನು ಕೆಟ್ಟಿರಬೇಕು ಅಂದೆ. ಮಷೀನು ಕೆಟ್ಟಿಲ್ಲ, ನಿಮ್ಮಿಬ್ಬರ ತಲೆ ಕೆಟ್ಟಿದೆ ಅಂದರು.

ಅವಳು ದೋಣಿಯ ತಪಾಸಣೆ ಮುಗಿಸಿ ಬಂದ ಸಂಜೆ ಅಂಗಡಿಯ ಬಾಗಿಲು ಅರ್ಧ ಎಳೆದು, ಅವಳನ್ನು ಕುರ್ಚಿಯಲ್ಲಿ ಕೂರಿಸಿ ಕೂದಲು ತೊಳೆದೆ. ಸಿಕ್ಕು ಬಿಡಿಸುತ್ತ ಭಾವ ಹೇಳಿದ್ದನ್ನೆಲ್ಲ ಹೇಳಿದೆ. ನನ್ನ ಹಟಕ್ಕಾಗಿ ನಿನ್ನ ಜೀವಕ್ಕೆ ಸಂಚಕಾರ ತಂದೆ, ನೀನು ನನ್ನ ಮನಸ್ಸು ನೋಯಿಸಬಾರದು ಅಂತ ಒತ್ತುತ್ತಾ ಹೋದೆ, ಅಂದೆ. ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿದಳು.

"ನಿನಗೋಸ್ಕರ ಒತ್ತಿದ್ದು ಅಂದ್ಕೊಂಡಿದ್ದೀಯಾ?"

"ಮತ್ತೆ?"

"ದ್ವೀಪದ ಗುಡ್ಡದ ಮರೆಗೆ ಲಂಗರು ಹಾಕಿದ್ರೆ ಅದು ಆಕಾಶ ಮುಟ್ಟಲ್ಲ. ಕೆಂಪು ದೀಪ ಬರುತ್ತೆ. ಮತ್ತೆ ಒತ್ತುತ್ತೀನಿ. ಮತ್ತೂ ಕೆಂಪು. ಮಾಮ ನಗ್ತಾರೆ. ಹಸಿರು ಬರೋ ತನಕ ಬಿಡಲ್ಲ ನಾನು. ಹಸಿರು ಬಂದ್ರೆ ಈಗ ಇವನು ಫೋನ್ ನೋಡಿದ, ಈಗ ಇವನ ಮುಖ ಅರಳಿತು ಅಂತ ಗೊತ್ತಾಗುತ್ತೆ. ಆಮೇಲೇ ನನಗೆ ಊಟ ಇಳಿಯೋದು." ಆಮೇಲೆ, "ಬೆಳಿಗ್ಗೆನೂ ಒಂದೊಂದ್ಸಲ ಒತ್ತುತ್ತಿದ್ದೆ. ಸಣ್ಣದಾಗಿ, ನಿನಗೆ ಬರದ ಹಾಗೆ," ಅಂದಳು.

ನನ್ನ ಕೈಯಲ್ಲಿದ್ದ ಬಾಚಣಿಗೆ ನಿಂತಿತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವವನು ನಾನೊಬ್ಬನೇ ಎಂದುಕೊಂಡಿದ್ದೆ. ಕಡಲಿಗೆ ಹೋಗುವವರು ಗಾಳಿ, ಅಲೆ, ಇಂಜಿನ್ನು ಎಂದು ಕೆಲಸದಲ್ಲಿ ಮುಳುಗಿರುತ್ತಾರೆ, ನೆನೆಸಿಕೊಳ್ಳಲು ಪುರುಸೊತ್ತು ಎಲ್ಲಿ ಎಂದು ತಿಳಿದಿದ್ದೆ. ಇಷ್ಟು ವರ್ಷ ಸಂಸಾರ ಮಾಡಿಯೂ ನನಗೆ ಅಷ್ಟು ತಿಳಿದಿರಲಿಲ್ಲ.

"ಭಾವ ಹೊಸ ಬ್ಯಾಟರಿ ಹಾಕಿದ್ದಾರೆ," ಅಂದೆ. "ಇನ್ಮೇಲೆ ಅದನ್ನ ಮುಟ್ಟಬಾರದು ನೀನು. ಮುಟ್ಟಿದ್ರೆ ಬೇರೆ ದಾರಿನೇ ಇಲ್ಲ ಅನ್ನೋವಾಗ ಮುಟ್ಟಬೇಕು. ಮಾತು ಕೊಡು."

"ಮೆಸೇಜಿಲ್ಲದೆ ನೀನು ಇರ್ತೀಯಾ?"

"ಇರ್ತೀನಿ."

"ಸುಳ್ಳು ಹೇಳ್ಬೇಡ."

"ಇರಲ್ಲ. ಆದ್ರೂ ಮಾತು ಕೊಡು."

ಕೊಟ್ಟಳು. ಕಡಲಲ್ಲಾಗಲಿ ದಡದಲ್ಲಾಗಲಿ ಅವಳು ಮಾತು ತಪ್ಪಿದ್ದನ್ನು ನಾನು ನೋಡಿಲ್ಲ.

ಆಮೇಲಿನ ಪ್ರಯಾಣಗಳನ್ನು ನಾನು ಹೇಗೆ ಕಳೆದೆ ಎಂದು ಕೇಳಬೇಡಿ. ಮೆಸೇಜು ಬರದಿದ್ದರೆ ಒಳ್ಳೆಯ ಸುದ್ದಿ ಎಂದು ತಲೆಗೆ ಗೊತ್ತು. ಸಂಜೆಗೆ ಅದು ಗೊತ್ತಿಲ್ಲವಲ್ಲ. ದೀಪ ಹಾಕುವ ಹೊತ್ತಾದರೆ ಕೈ ತಾನಾಗಿ ಫೋನಿಗೆ ಹೋಗುತ್ತಿತ್ತು. ಹಳೆಯ ಮೆಸೇಜುಗಳನ್ನು ತೆಗೆದು ಓದುತ್ತಿದ್ದೆ. ಎಲ್ಲದರಲ್ಲೂ ಇರುವುದು ಅದೇ ಒಂದು ಸಾಲು, ಆದರೂ ಜಗಳದ ನಂತರ ಬಂದದ್ದು ಯಾವುದು, ಮೂರು ಒಟ್ಟಿಗೆ ಬಂದದ್ದು ಯಾವಾಗ ಎಂದು ನನಗೆ ಬಾಯಿಪಾಠವಾಗಿತ್ತು. ಒಂದು ಸಲ ಮಾತು ತಪ್ಪಲಿ, ಒಂದೇ ಒಂದು ಸಲ, ಎಂದು ಮನಸ್ಸು ಹಲುಬುತ್ತಿತ್ತು. ಹಾಗೆ ಬಯಸಿದ್ದಕ್ಕೆ ನನಗೇ ನಾನು ಬೈದುಕೊಳ್ಳುತ್ತಿದ್ದೆ.

ಅವತ್ತು ದಪ್ಪಣ್ಣನ ಮುಖಕ್ಕೆ ನೊರೆ ಹಚ್ಚಿ ಎಡಗೆನ್ನೆ ಮುಗಿಸಿದ್ದೆ. ಬಿಸಿಲು ಕನ್ನಡಿಗೆ ಬಡಿಯುತ್ತಿತ್ತು. ಅವನು ಕರವಸ್ತ್ರದ ಮಾತು ಶುರು ಮಾಡಿದ್ದ. ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು.

"ಸರ್, ಸಾಗರ ರಕ್ಷಣಾ ಕೇಂದ್ರದಿಂದ ಮಾತಾಡ್ತಿದ್ದೀನಿ." ಹುಡುಗಿಯೊಬ್ಬಳ ದನಿ, ಅವಸರವಿಲ್ಲದ ದನಿ. ದೋಣಿಯ ನೋಂದಣಿ ನಂಬರು ಹೇಳಿದಳು. "ಈ ದೋಣಿಯ ಬೀಕನ್‌ನಿಂದ ಅಪಾಯದ ಸಂಕೇತ ಬರ್ತಾ ಇದೆ. ದೋಣಿ ಈಗ ಕಡಲಲ್ಲಿದೆಯಾ?"

"ಇದೆ," ಅಂದೆ.

"ಎಷ್ಟು ಜನ ಇದ್ದಾರೆ?"

"ಇಬ್ಬರು. ನನ್ನ ಹೆಂಡ್ತಿ, ಅವಳ ಮಾಮ. ಮಾಮನಿಗೆ ಕಿವಿ ಕೇಳಿಸಲ್ಲಮ್ಮ."

ಅವಳು ಬರೆದುಕೊಂಡಿರಬೇಕು. "ಸರ್, ಇನ್ನೊಂದು ವಿಷಯ. ಈ ಬೀಕನ್‌ನಿಂದ ಹಿಂದೆ ಟೆಸ್ಟ್ ಸಂದೇಶಗಳು ವಿಪರೀತ ಬಂದಿವೆ. ಟೆಸ್ಟ್ ಮಾಡೋಕೆ ಹೋಗಿ ಕೈತಪ್ಪಿ ಸ್ವಿಚ್ ಎಳೆಯೋರು ತುಂಬಾ ಜನ. ಅಲ್ಲಿಗೆ ಹತ್ತಿರ ಇರೋದು ಒಂದೇ ಹಡಗು, ಅದನ್ನ ದಾರಿ ತಿರುಗಿಸಬೇಕು. ಅದಕ್ಕೆ ಕೇಳ್ತಿದ್ದೀನಿ. ಇದೂ ಟೆಸ್ಟ್ ಇರಬಹುದಾ?"

ಹೌದು ಅನ್ನಬೇಕು ಅನ್ನಿಸಿತು. ಎಷ್ಟು ಅನ್ನಿಸಿತು ಎಂದು ಹೇಳಲಾರೆ. ಹೌದಮ್ಮ, ಟೆಸ್ಟೇ, ಅವಳಿಗೆ ನನ್ನ ನೆನಪಾಗಿದೆ, ಗುಡ್ಡದ ಮರೆಯಲ್ಲಿ ಕೂತು ಮಾತು ತಪ್ಪಿದ್ದಾಳೆ, ಕೈತಪ್ಪಿ ಬೇರೆ ಸ್ವಿಚ್ಚು ಎಳೆದಿದ್ದಾಳೆ, ಊಟ ಮಾಡಿ ಆರಾಮಾಗಿದ್ದಾಳೆ. ಹೆಂಡತಿ ಮಾತು ತಪ್ಪಿರಲಿ ದೇವರೇ ಎಂದು ಬೇಡಿಕೊಂಡ ಗಂಡ ಲೋಕದಲ್ಲಿ ನಾನೊಬ್ಬನೇ ಇರಬೇಕು. ಹೌದು ಎನ್ನುವುದು ಅಷ್ಟು ಸುಲಭವಾಗಿತ್ತು. ಅಂದುಬಿಟ್ಟರೆ ಆ ಹಡಗು ತನ್ನ ಪಾಡಿಗೆ ಹೋಗುತ್ತಿತ್ತು.

"ಇಲ್ಲಮ್ಮ," ಅಂದೆ. "ಆ ಟೆಸ್ಟೆಲ್ಲ ನನಗೋಸ್ಕರ ಮಾಡಿದ್ದು. ಇದು ನನಗೋಸ್ಕರ ಅಲ್ಲ. ಮುಟ್ಟಲ್ಲ ಅಂತ ಮಾತು ಕೊಟ್ಟಿದ್ದಾಳೆ. ಮುಟ್ಟಿದ್ದಾಳೆ ಅಂದ್ರೆ ಮುಳುಗ್ತಾ ಇದ್ದಾಳೆ. ಕಳಿಸಿ ತಾಯಿ, ಆ ಹಡಗು ಕಳಿಸಿ."

"ಕಳಿಸ್ತಿದ್ದೀವಿ ಸರ್. ಫೋನ್ ಹತ್ತಿರ ಇರಿ," ಅಂದಳು ಹುಡುಗಿ.

ಸುದ್ದಿ ತಿಳಿದು ಭಾವ ಬಂದರು. ಬಂದವರು ನನ್ನ ಪಕ್ಕ ಕೂತು, "ಬ್ಯಾಟರಿ ನಾನೇ ಹಾಕಿದ್ದು, ನಾನೇ ಸೀಲ್ ಮಾಡಿದ್ದು. ಎರಡು ದಿನ ಕೂಗುತ್ತೆ. ಏನೂ ಆಗಲ್ಲ," ಎಂದು ಒಂದೇ ಮಾತನ್ನು ಜಪದ ಹಾಗೆ ಹೇಳುತ್ತಿದ್ದರು. ದಪ್ಪಣ್ಣ ಕುರ್ಚಿ ಬಿಟ್ಟು ಏಳಲಿಲ್ಲ. ಬಲಗೆನ್ನೆಯ ನೊರೆ ಒಣಗಿ ಬಿರುಕು ಬಿಟ್ಟಿತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ. ಬಾಗಿಲಿಗೆ ಬಂದ ಗಿರಾಕಿಗಳನ್ನು ಕಣ್ಣಿನಲ್ಲೇ ವಾಪಸ್ಸು ಕಳಿಸುತ್ತಿದ್ದ. ಅಷ್ಟು ವರ್ಷದಲ್ಲಿ ಅವನು ಅಷ್ಟು ಹೊತ್ತು ಮಾತಾಡದೆ ಕೂತದ್ದು ಅದೇ ಮೊದಲು.

ನಡುನಡುವೆ ಆ ಹುಡುಗಿ ಫೋನು ಮಾಡುತ್ತಿದ್ದಳು. "ಸಂಕೇತ ಬರ್ತಾನೇ ಇದೆ ಸರ್. ಹಡಗು ಹೋಗ್ತಾ ಇದೆ." ನಾನು ಎಷ್ಟು ತಿಂಗಳಿಂದ ಹಂಬಲಿಸಿದ್ದು ಇದನ್ನೇ ಅಲ್ಲವೇ. ಅವಳಿಂದ ಒಂದು ಗುರುತು, ಒಂದು ಕೂಗು. ಈಗ ಬಿಡದೆ ಬರುತ್ತಿತ್ತು, ಮುಳುಗುವವರ ಕೂಗು, ಮತ್ತು ನಾನು ಅದು ನಿಲ್ಲದಿರಲಿ ಎಂದು ಕೈ ಮುಗಿದು ಕೂತಿದ್ದೆ.

ಬಿಸಿಲು ಕನ್ನಡಿಯಿಂದ ಇಳಿದು ನೆಲಕ್ಕೆ ಬಂದ ಮೇಲೆ ಮತ್ತೆ ಫೋನು ಬಂತು. ಈ ಸಲ ಹುಡುಗಿ ಮಾತು ಶುರು ಮಾಡುವ ಮುಂಚೆ ಉಸಿರು ಎಳೆದುಕೊಂಡಳು.

"ಸರ್, ಸಂಕೇತ ನಿಂತಿದೆ. ಹಡಗು ಆ ಜಾಗದ ಹತ್ತಿರಾನೇ ಇತ್ತು. ಅವರಿಂದ ಇನ್ನೂ ಸುದ್ದಿ ಬಂದಿಲ್ಲ. ಬಂದ ತಕ್ಷಣ ಹೇಳ್ತೀನಿ."

ಭಾವನ ಮುಖ ನೋಡಿದೆ. ಅವರ ತುಟಿ ಆಡುತ್ತಿತ್ತು. "ನಿಲ್ಲೋ ಹಾಗಿಲ್ಲ," ಅಂದರು, "ನಾನೇ ಹಾಕಿದ್ದು." ನಾನು ಎದ್ದು ಕತ್ತರಿಗಳನ್ನೆಲ್ಲ ಸಾಲಾಗಿ ಜೋಡಿಸಿದೆ, ಮತ್ತೆ ಕೆದರಿ ಮತ್ತೆ ಜೋಡಿಸಿದೆ. ಅವಳಿಗೆ ಹೇಳದೆ ಉಳಿದದ್ದು ಏನೇನು ಎಂದು ನೆನಪಾಗತೊಡಗಿತು, ಎಲ್ಲ ಸಣ್ಣಪುಟ್ಟ ಮಾತುಗಳು. ಒಂದು ದೊಡ್ಡ ಮಾತು ಮಾತ್ರ ಇತ್ತು, ಅದನ್ನು ನಾನು ಕೂದಲು ಬಾಚುತ್ತ ಬಾಚುತ್ತ ಹೇಳಿಯಾಯಿತು ಎಂದುಕೊಂಡಿದ್ದೆ.

ಫೋನು ಬಡಿಯಿತು. ಗರಗರ ಸದ್ದು. ಬಾವಿಯ ಒಳಗಿಂದ ಬಂದ ಹಾಗೆ ಒಂದು ದನಿ.

"ಲೋ."

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಕೇಳಿಸ್ತಾ ಇದೆಯೇನೋ? ಹಡಗಿನವರ ಫೋನು. ಅತ್ತೆಮ್ಮನ್ನ ಆಫ್ ಮಾಡಿದ್ದು ನಾನೇ, ಮೇಲೆ ಹತ್ತಿದ ಮೇಲೆ ಇನ್ನೂ ಕೂಗಬಾರದು ಅಂದ್ರು ಇವರು. ಮಾಮ ಇದ್ದಾರೆ. ಕೈಗೆ ಪೆಟ್ಟಾಗಿದೆ, ಇದ್ದಾರೆ." ಸ್ವಲ್ಪ ಹೊತ್ತು ಬರೀ ಗರಗರ. ಆಮೇಲೆ, "ದೋಣಿ ಹೋಯ್ತು ಕಣೋ."

"ಹೋಗ್ಲಿ ಬಿಡು," ಅಂದೆ. ದಪ್ಪಣ್ಣ ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

ತೇಲಿಬರುತ್ತಿದ್ದ ದೊಡ್ಡ ಮರದ ದಿಮ್ಮಿಯೊಂದು ಅಡಿಗೆ ಬಡಿದು ಹಲಗೆ ಒಡೆದಿತ್ತಂತೆ. ತೆಪ್ಪ ಬಿಚ್ಚುವುದಕ್ಕೆ, ಮಾಮನನ್ನು ಅದರಲ್ಲಿ ಕೂರಿಸುವುದಕ್ಕೆ, ಗೋಡೆಯಿಂದ ಅತ್ತೆಮ್ಮನನ್ನು ಕಿತ್ತುಕೊಳ್ಳುವುದಕ್ಕೆ ಮಾತ್ರ ಸಮಯವಿತ್ತಂತೆ. ಧಕ್ಕೆಯಲ್ಲಿ ಇಳಿದಾಗ ಅವಳ ಮೈಮೇಲೆ ಯಾರದ್ದೋ ದೊಡ್ಡ ಶರ್ಟು. ಅವಳನ್ನು ಮನೆಗೆ ಕರೆತಂದೆ, ಕೂದಲು ತೊಳೆದೆ, ಅವಳ ಚಪ್ಪಲಿಯ ಪಕ್ಕ ನನ್ನ ಚಪ್ಪಲಿ ಬಿಟ್ಟೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಸಂತೋಷವಾಯಿತು. ದೋಣಿ ಹೋದದ್ದಕ್ಕೂ ಒಳಗೊಳಗೆ ಸಂತೋಷವಾಯಿತು. ಇನ್ನು ಎಲ್ಲಿಗೆ ಹೋಗುತ್ತಾಳೆ?

ಎಲ್ಲಿಗೂ ಹೋಗಲಿಲ್ಲ. ದಿನವೂ ಎರಡು ತಟ್ಟೆ. ಅಂಗಡಿಯಲ್ಲಿ ಗಿರಾಕಿಗಳ ಬೆಂಚಿನ ಮೇಲೆ ಕೂತು ಹಳೇ ಪತ್ರಿಕೆ ತಿರುವಿಹಾಕುತ್ತಿದ್ದಳು. ಏನು ಕೇಳಿದರೂ 'ಹೂಂ', ಇಲ್ಲವೇ 'ಉಹೂಂ', ಅಷ್ಟೇ. ದಪ್ಪಣ್ಣ, "ಕ್ಯಾಪ್ಟನಮ್ಮ, ನಮ್ಮ ಐಸ್ ಬಂಡಿನಾದ್ರೂ ಓಡಿಸ್ತೀರಾ?" ಎಂದು ಕೇಳಿದ. ಮೊದಲಾಗಿದ್ದರೆ ಅವನ ಹೊಟ್ಟೆಯ ಮೇಲೆ ನಾಲ್ಕು ಮಾತು ಬೀಳುತ್ತಿದ್ದವು. ಈಗ ಸಣ್ಣಗೆ ನಕ್ಕಳು, ಅಷ್ಟೇ. ಅವನು ಮತ್ತೆ ಅವಳನ್ನು ತಮಾಷೆ ಮಾಡಲಿಲ್ಲ.

'ಲೋ' ಎನ್ನುವುದೂ ನಿಂತುಹೋಗಿತ್ತು. ನಾನು ಅದನ್ನು ತಡವಾಗಿ ಗಮನಿಸಿದೆ.

ಒಂದು ಸಂಜೆ ದೀಪ ಹಾಕಿ ತಿರುಗಿದೆ. ಅವಳು ಬೆಂಚಿನ ಮೇಲೆ ಕೂತು ಬಾಗಿಲಾಚೆ ನೋಡುತ್ತಿದ್ದಳು. ಅವಳ ಹೆಬ್ಬೆರಳು ಬೆಂಚಿನ ತುದಿಯನ್ನು ಒತ್ತಿ ಹಿಡಿದಿತ್ತು. ಸ್ವಲ್ಪ ಹೊತ್ತು ಹಾಗೇ ಹಿಡಿದು ಬಿಟ್ಟಳು. ಮತ್ತೆ ಒತ್ತಿದಳು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ನಾನು ನಾಲ್ಕು ಹೆಜ್ಜೆ ದೂರದಲ್ಲಿ ಟವೆಲ್ ಹಿಡಿದು ನಿಂತಿದ್ದೆ, ನನ್ನ ಫೋನು ಜೇಬಿನಲ್ಲಿ ಸುಮ್ಮನಿತ್ತು. ಕಡಲಿನ ನಡುವೆ ಇದ್ದಾಗ ಇವಳು ಇದಕ್ಕಿಂತ ಹತ್ತಿರವಿದ್ದಳು ಅನ್ನಿಸಿತು. ನನಗೆ 'ಲೋ' ಎನ್ನುವ ಹೆಂಡತಿ ಬೇಕಿತ್ತು. ಅವಳು ಇಲ್ಲಿರಲಿಲ್ಲ.

ಮರುದಿನ ಭಾವನ ಅಂಗಡಿಗೆ ಹೋದೆ.

"ಒಂದು ಬೀಕನ್ ಕೊಡಿ ಭಾವ."

"ತಲೆ ಸರಿ ಇದೆಯಾ? ದೋಣಿ ಎಲ್ಲಿದೆ?"

"ಅದು ಅವಳ ಕೆಲಸ."

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕಪಾಟು ತೆಗೆದರು. "ಈ ಸಲ ಮೆಸೇಜ್ ಗಿಸೇಜ್ ಬರದಿರೋದು ಕೊಡ್ತೀನಿ. ಬರೀ ಆಪತ್ತಿಗೆ ಕೂಗೋದು, ಅಷ್ಟೇ."

"ಅದನ್ನೇ ಕೊಡಿ," ಅಂದೆ.

ಮನೆಯಲ್ಲಿ ಅವಳು ಕಿಟಕಿಯ ಹತ್ತಿರ ಕೂತಿದ್ದಳು. ಡಬ್ಬಿಯನ್ನು ಅವಳ ಮುಂದಿಟ್ಟೆ. ಅವಳು ಅದನ್ನು ಮುಟ್ಟಲಿಲ್ಲ.

"ಏನಿದು?"

"ಗೊತ್ತಿಲ್ವಾ?"

"ದೋಣಿನೇ ಇಲ್ಲ."

"ಮಾಡ್ಕೋ. ಬಾಡಿಗೆಗೆ ತಗೋ, ಯಾರ ಹತ್ರನಾದ್ರೂ ಕೇಳು, ಏನಾದ್ರೂ ಮಾಡು. ನನಗೆ ದೋಣಿ ವಿಷಯ ತಿಳಿಯಲ್ಲ. ನನಗೆ ತಿಳಿಯೋದು ಇದೊಂದೇ."

ಅವಳು ಡಬ್ಬಿಯನ್ನು ಎತ್ತಿಕೊಂಡಳು. ಸೀಲು ನೋಡಿದಳು, ಕಡ್ಡಿ ನೋಡಿದಳು, ತಿರುಗಿಸಿ ತಿರುಗಿಸಿ ಏನನ್ನೋ ಹುಡುಕಿದಳು.

"ಮೆಸೇಜ್ ಕಳಿಸೋದು ಎಲ್ಲಿ?"

"ಇದರಲ್ಲಿ ಇಲ್ಲ."

"ಮತ್ತೆ ನಾನು ಸರಿಯಾಗಿದ್ದೀನಿ ಅಂತ ನಿನಗೆ ಹೇಗೋ ಗೊತ್ತಾಗೋದು?"

"ಗೊತ್ತಾಗಲ್ಲ," ಅಂದೆ. "ನೀನು ಹೋಗು."

ಅವಳು ಡಬ್ಬಿಯನ್ನು ಮಡಿಲಿಗೆ ಒತ್ತಿಕೊಂಡು ಅಳತೊಡಗಿದಳು. ದೋಣಿ ಮುಳುಗಿದ ಮೇಲೆ ಅವಳು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.